ಜೀವಲಿಪಿಯಲ್ಲಿ ಸಮಾನಪದವಿಚಾರ

ಶಬ್ದಶಾಸ್ತ್ರವನ್ನೂ ಕಾವ್ಯಮೀಮಾಂಸೆಯನ್ನೂ ಬೋಧಿಸುವುದನ್ನೇ ಕಾಯಕವಾಗಿ ಉಳ್ಳ ಕನ್ನಡ ಪಂಡಿತನೊಬ್ಬನು ಸೂಕ್ಷ್ಮಜೀವಿಗಳನ್ನು ಕುರಿತು ಲೇಖನ ಬರೆಯಹೊರಡುವುದು ಕೆಲವರಿಗೆ ಅನಧಿಕಾರಚರ್ಚೆಯಾಗಿ ತೋರಬಹುದು. ಆದರೆ ಇಂದಿನ ಜೀವವಿಜ್ಞಾನವು ಬಹುಮಟ್ಟಿಗೆ ಒಂದು ಲಿಪಿಯನ್ನು ಓದುವ ಶಾಸ್ತ್ರವಾಗಿ ಪರಿಣಮಿಸಿದೆ. ಅದರಲ್ಲಿ ಅಕ್ಷರಗಳಿವೆ, ಗಣಗಳಿವೆ, ಪರ್ಯಾಯಪದಗಳಿವೆ, ಪಾಠಾಂತರಗಳಿವೆ, ಪ್ರತಿಕಾರರ ಸ್ಖಾಲಿತ್ಯಗಳೂ ಇವೆ. ಓಲೆಗರಿಯನ್ನು ಓದಿ ಪಾಠವನ್ನು ನಿರ್ಣಯಿಸುವವನಿಗೆ ಎದುರಾಗುವ ಪ್ರಶ್ನೆಗಳೇ ಬೇರೊಂದು ವೇಷದಲ್ಲಿ ಪ್ರಯೋಗಶಾಲೆಯ ವಿಜ್ಞಾನಿಗೂ ಎದುರಾಗುತ್ತವೆ. ಆದುದರಿಂದ ಈ ವಿಷಯದಲ್ಲಿ ಭಾಷಾಭ್ಯಾಸಿಗೂ ಕಿಂಚಿತ್ ಅಧಿಕಾರವುಂಟೆಂದು ಭಾವಿಸಿ ಈ ಪ್ರಯತ್ನವನ್ನು ಕೈಗೊಳ್ಳಲಾಗಿದೆ.

ಮಾರೇನಹಳ್ಳಿಯ ನಮ್ಮ ವಿದ್ಯಾಲಯದಿಂದ ದೂರದೇಶವೇನೂ ಅಲ್ಲದ, ಇದೇ ಬೆಂಗಳೂರು ನಗರದ ಉತ್ತರಭಾಗದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೆಂಬ ಸಂಸ್ಥೆಯಿದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಸೇರಿದ ಈ ಕೇಂದ್ರದಲ್ಲಿ ಡಾ. ದೀಪಾ ಅಗಾಶೆಯವರು ತಮ್ಮ ಶಿಷ್ಯರೊಡನೆಯೂ ಸಹೋದ್ಯೋಗಿಗಳೊಡನೆಯೂ ನಡೆಸಿರುವ ಕೆಲವು ಸಂಶೋಧನೆಗಳು ಪ್ರಕೃತ ಲೇಖನದ ವಸ್ತು. ಬ್ಯಾಕ್ಟೀರಿಯದ ಜೀವಲಿಪಿಯಲ್ಲಿ ಒಂದು ಪದದ ಬೆಲೆಯೇನು, ಎಲೆಯ ಮೇಲೂ ಹುಳುವಿನ ಹೊಟ್ಟೆಯಲ್ಲೂ ಒಂದು ಬ್ಯಾಕ್ಟೀರಿಯದ ಬೆಲೆಯೇನು, ಎಂಬ ಎರಡು ಪ್ರಶ್ನೆಗಳನ್ನು ಈ ಸಂಶೋಧನೆಗಳು ವಿಚಾರಿಸುತ್ತವೆ. ಎರಡಕ್ಕೂ ದೊರೆತ ಉತ್ತರವು ಕಾವ್ಯಮೀಮಾಂಸಕರಿಗೆ ಪರಿಚಿತವಾದುದು: ಬೆಲೆಯು ವಸ್ತುವಿನಲ್ಲಿ ಮಾತ್ರವಿಲ್ಲ, ಅದು ನಿಂತ ಸ್ಥಾನದಲ್ಲಿದೆ. ಕ್ಷೇಮೇಂದ್ರನು ಇದನ್ನೇ ಔಚಿತ್ಯವೆಂದು ಕರೆದನು.

ಅಕ್ಷರ, ಗಣ, ಪದ

ನಮ್ಮ ಛಂದಶ್ಶಾಸ್ತ್ರದಲ್ಲಿ ಗುರು, ಲಘು ಎಂಬ ಎರಡೇ ಮೂಲದ್ರವ್ಯಗಳು. ಇವನ್ನು ಮೂರು ಸ್ಥಾನಗಳಲ್ಲಿ ಇರಿಸಿದರೆ ಎಂಟು ವಿನ್ಯಾಸಗಳು ಸಿದ್ಧಿಸುತ್ತವೆ. ಯಗಣ, ಮಗಣ ಮೊದಲಾದ ಅಷ್ಟಗಣಗಳು ಇವೇ. ಎರಡನ್ನು ಮೂರು ಸಲ ಗುಣಿಸಿದರೆ ಎಂಟಾಗುವುದೆಂಬುದನ್ನು ಪ್ರೌಢಶಾಲೆಯ ಬಾಲಕನೂ ಬಲ್ಲನು.

ಜೀವಲಿಪಿಯಲ್ಲಿ ಮೂಲದ್ರವ್ಯಗಳು ಎರಡಲ್ಲ, ನಾಲ್ಕು. ಡಿ.ಎನ್.ಎ. ಎಂಬ ದೀರ್ಘವಾದ ಎಳೆಯ ಮೇಲೆ ಎ, ಟಿ, ಜಿ, ಸಿ ಎಂಬ ಸಂಕೇತಗಳಿಂದ ಸೂಚಿತವಾಗುವ ನಾಲ್ಕು ರಾಸಾಯನಿಕ ಅಕ್ಷರಗಳು ಸಾಲಾಗಿ ಪೋಣಿಸಿಕೊಂಡಿವೆ. ಜೀವಕೋಶವು ಈ ಸಾಲನ್ನು ಮೂರು ಮೂರು ಅಕ್ಷರಗಳ ಗಣಗಳಾಗಿ ಓದಿಕೊಳ್ಳುತ್ತದೆ. ಈ ಗಣಕ್ಕೆ ವಿಜ್ಞಾನಿಗಳು ಕೋಡಾನ್ ಎಂದು ಹೆಸರಿಟ್ಟಿದ್ದಾರೆ. ನಾಲ್ಕು ಅಕ್ಷರಗಳನ್ನು ಮೂರು ಸ್ಥಾನಗಳಲ್ಲಿ ಇರಿಸಿದರೆ ಅರುವತ್ತನಾಲ್ಕು ಗಣಗಳಾಗುತ್ತವೆ. ಇವುಗಳಲ್ಲಿ ಬಹುಪಾಲು ಗಣಗಳು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಅಮೈನೋ ಆಮ್ಲಗಳು ಸರದಂತೆ ಕೂಡಿಕೊಂಡರೆ ಪ್ರೋಟೀನು. ಜೀವಿಯ ದೇಹದಲ್ಲಿ ನಡೆಯುವ ಕೆಲಸಗಳಲ್ಲಿ ಬಹುಪಾಲು ಈ ಪ್ರೋಟೀನುಗಳಿಂದಲೇ ನಡೆಯುತ್ತವೆ.

ಗ್ರಂಥಭಂಡಾರದ ದೃಷ್ಟಾಂತದಿಂದ ಈ ಕ್ರಮವನ್ನು ತಿಳಿಯಬಹುದು. ಮೂಲಗ್ರಂಥವನ್ನು ಭಂಡಾರದಿಂದ ಹೊರಗೆ ಕೊಡುವುದಿಲ್ಲ. ಬೇಕಾದ ಅಧ್ಯಾಯದ ಪ್ರತಿಯನ್ನು ಮಾತ್ರ ಮಾಡಿಕೊಡುತ್ತಾರೆ. ಹಾಗೆಯೇ ಡಿ.ಎನ್.ಎ.ಯ ಒಂದು ಭಾಗಕ್ಕೆ, ಎಂದರೆ ಒಂದು ಜೀನಿಗೆ, ಆರ್.ಎನ್.ಎ. ಎಂಬ ಪ್ರತಿಯು ಸಿದ್ಧವಾಗುತ್ತದೆ. ರೈಬೋಸೋಮ್ ಎಂಬ ಪಾಠಕನು ಆ ಪ್ರತಿಯನ್ನು ಗಣಗಣವಾಗಿ ಓದುತ್ತ ಪ್ರೋಟೀನನ್ನು ಕಟ್ಟುತ್ತಾನೆ. ಈ ಸಂಕೇತಗಳ ಅರ್ಥವನ್ನು ಬಿಡಿಸಿದ ಕಾರ್ಯಕ್ಕಾಗಿ ಭಾರತಸಂಜಾತರಾದ ಹರಗೋಬಿಂದ ಖೊರಾನಾ, ಮಾರ್ಷಲ್ ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಅವರಿಗೆ 1968ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಗಣಗಳು ಅರುವತ್ತನಾಲ್ಕು, ಅಮೈನೋ ಆಮ್ಲಗಳು ಇಪ್ಪತ್ತು. ಮೂರು ಗಣಗಳು ವಾಕ್ಯದ ಕೊನೆಯಲ್ಲಿ ಇಡುವ ಪೂರ್ಣವಿರಾಮದಂತೆ ಮುಕ್ತಾಯವನ್ನು ಸೂಚಿಸುತ್ತವೆ. ಉಳಿದ ಅರುವತ್ತೊಂದು ಗಣಗಳು ಇಪ್ಪತ್ತು ಅರ್ಥಗಳನ್ನು ಹಂಚಿಕೊಂಡಿವೆ. ಮಿಥಿಯೋನಿನ್, ಟ್ರಿಪ್ಟೋಫಾನ್ ಎಂಬ ಎರಡಕ್ಕೆ ಮಾತ್ರ ಒಂದೊಂದೇ ಗಣ. ಲ್ಯೂಸೀನ್ ಎಂಬುದಕ್ಕಾದರೋ ಆರು ಗಣಗಳು. ಒಂದೇ ಅರ್ಥವನ್ನು ಹೇಳುವ ಇಂಥ ಗಣಗಳನ್ನು ವಿಜ್ಞಾನಿಗಳು ಸಮಾನಾರ್ಥಕಗಳೆಂದೇ ಕರೆಯುತ್ತಾರೆ. ಜೀವಲಿಪಿಗೂ ಒಂದು ಅಮರಕೋಶವಿದೆಯೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಸಮಾನಪದಗಳು ಸಮಾನವೇ?

ನೀರು, ಜಲ, ತೀರ್ಥ, ಪಾದೋದಕ ಎಂಬ ಪದಗಳನ್ನು ತೆಗೆದುಕೊಳ್ಳೋಣ. ಸೂಚಿತವಾಗುವ ದ್ರವ್ಯವು ಎಲ್ಲದರಲ್ಲಿಯೂ ಒಂದೇ. ಆದರೆ ಮನೆಗೆ ಬಂದ ಅತಿಥಿಗೆ ಕಾಲು ತೊಳೆಯಲು ನೀರು ಕೊಡುತ್ತೇವೆಯೇ ಹೊರತು ತೀರ್ಥವನ್ನು ಕೊಡುವುದಿಲ್ಲ. ಗುರುಲಿಂಗಜಂಗಮ ಸನ್ನಿಧಿಯಲ್ಲಿ ಸ್ವೀಕರಿಸುವ ಪಾದೋದಕವನ್ನು ನೀರೆಂದು ಕರೆದರೆ ಕೋಶದ ಪ್ರಕಾರ ತಪ್ಪಿಲ್ಲ, ಆಚಾರದ ಪ್ರಕಾರ ಮಾತು ಕೆಟ್ಟಿತು. ದಾಸೋಹದ ಪಂಕ್ತಿಯಲ್ಲಿ ಬಡಿಸುವುದು ಪ್ರಸಾದ. ಅದನ್ನೇ ಕೂಳೆಂದರೆ ಕೇಳಿದವರು ಎದ್ದುಹೋದಾರು. ಪದಗಳು ಬಿಡಿಬಿಡಿಯಾಗಿ ನಿರ್ದೋಷವಾಗಿದ್ದರೂ ಕೂಡಿದಾಗ ಕೆಡುವುದುಂಟೆಂಬುದನ್ನು ಅರಿಸಮಾಸದ ಪಾಠದಲ್ಲಿ ನಮ್ಮ ವಿದ್ಯಾರ್ಥಿಗಳು ಪ್ರತಿವರ್ಷವೂ ಓದುತ್ತಾರೆ.

ಜೀವಲಿಪಿಯ ಸಮಾನಪದಗಳ ವಿಷಯದಲ್ಲಿ ಇಂಥ ಭೇದವಿದೆಯೆಂದು ವಿಜ್ಞಾನಿಗಳು ಬಹುಕಾಲ ಭಾವಿಸಿರಲಿಲ್ಲ. ಒಂದು ಗಣದ ಸ್ಥಾನದಲ್ಲಿ ಅದರ ಸಮಾನಾರ್ಥಕವಾದ ಇನ್ನೊಂದು ಬಂದರೆ ಪ್ರೋಟೀನಿನಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಆದುದರಿಂದ ಅಂಥ ಮಾರ್ಪಾಟುಗಳಿಗೆ ಮೌನ ಮಾರ್ಪಾಟುಗಳೆಂದೇ ಹೆಸರಾಯಿತು. ಆದರೂ ಒಂದು ಸಂದೇಹವು ಉಳಿದೇ ಇತ್ತು. ಬೇರೆ ಬೇರೆ ಜೀವಿಗಳ ಜೀವಲಿಪಿಗಳನ್ನು ಓದಿದಾಗ, ಪ್ರತಿಯೊಂದು ಜೀವಿಯೂ ಸಮಾನಪದಗಳಲ್ಲಿ ಕೆಲವನ್ನು ಹೆಚ್ಚಾಗಿಯೂ ಕೆಲವನ್ನು ಅಪರೂಪವಾಗಿಯೂ ಬಳಸುವುದು ಕಂಡುಬಂದಿತು. ಕವಿಗೆ ತನ್ನ ಮೆಚ್ಚಿನ ಪದಗಳಿರುವಂತೆ ಜೀವಿಗೂ ಮೆಚ್ಚಿನ ಗಣಗಳುಂಟು. ಬೆಲೆ ಒಂದೇ ಆಗಿದ್ದರೆ ಈ ಪಕ್ಷಪಾತವೇಕೆ? ಮೆಚ್ಚಿನ ಗಣಗಳನ್ನು ಪಾಠಕನು ಬೇಗನೆ, ತಪ್ಪಿಲ್ಲದೆ ಓದುತ್ತಾನೆಂಬುದು ಒಂದು ಮತ. ಹಾಗಾದರೆ ಎಲ್ಲೆಲ್ಲಿಯೂ ಮೆಚ್ಚಿನ ಗಣಗಳನ್ನೇ ಇಟ್ಟು ಬರೆದ ಜೀನು ಎಲ್ಲಕ್ಕಿಂತ ಶ್ರೇಷ್ಠವಾಗಬೇಕಷ್ಟೆ. ಈ ಮಾತನ್ನು ಪ್ರಯೋಗದಿಂದಲೇ ಪರೀಕ್ಷಿಸಬೇಕಾಗಿತ್ತು.

ಒಂದೇ ಅರ್ಥ, ಹಲವು ಪಾಠ

ಪರೀಕ್ಷೆಗೆ ಆರಿಸಿಕೊಂಡ ಜೀವಿಯ ಹೆಸರು ಮೀಥೈಲೋಬ್ಯಾಕ್ಟೀರಿಯಮ್ ಎಕ್ಸ್‌ಟಾರ್ಕ್ವೆನ್ಸ್. ಹೆಸರು ಉದ್ದವಾದರೂ ಜೀವಿಯು ಒಂದೇ ಕೋಶದ ಬ್ಯಾಕ್ಟೀರಿಯ. ಇದರ ಗುಂಪಿನವು ಗಿಡಮರಗಳ ಎಲೆಗಳ ಮೇಲೆ ಹೇರಳವಾಗಿ ವಾಸಿಸುತ್ತವೆ, ಮತ್ತು ತಟ್ಟೆಯಲ್ಲಿ ಬೆಳೆಸಿದಾಗ ನಸುಗೆಂಪಾಗಿ ಕಾಣುತ್ತವೆ. ಎಲೆಯು ಬೆಳೆಯುವಾಗ ಅದರಿಂದ ಮೆಥನಾಲ್ ಎಂಬ ಮದ್ಯಸಾರವು ಅತ್ಯಲ್ಪ ಪ್ರಮಾಣದಲ್ಲಿ ಹೊರಬರುತ್ತದೆ. ಮನುಷ್ಯನಿಗೆ ವಿಷವಾದ ಆ ದ್ರವ್ಯವೇ ಈ ಬ್ಯಾಕ್ಟೀರಿಯಕ್ಕೆ ಆಹಾರ. ಆದರೆ ಮೆಥನಾಲು ಪಚನವಾಗುವ ಮಾರ್ಗದಲ್ಲಿ ಫಾರ್ಮಾಲ್ಡಿಹೈಡ್ ಎಂಬ ತೀಕ್ಷ್ಣವಾದ ವಿಷವು ಹುಟ್ಟುತ್ತದೆ. ಅದನ್ನು ಒಡನೆಯೇ ಹಿಡಿದು ಮುಂದಿನ ಹಂತಕ್ಕೆ ಸಾಗಿಸುವ ಕಿಣ್ವವೊಂದಿದೆ. ಅದನ್ನು ನಿರ್ಮಿಸುವ ಜೀನಿನ ಹೆಸರು ಫೇ. ಮೆಥನಾಲನ್ನು ಉಂಡು ಬದುಕುವ ಬ್ಯಾಕ್ಟೀರಿಯಕ್ಕೆ ಈ ಜೀನು ಪ್ರಾಣಪ್ರಾಯವಾದುದು. ಈ ಬ್ಯಾಕ್ಟೀರಿಯದ ಸಂಪೂರ್ಣ ಜೀವಲಿಪಿಯು ಸುಮಾರು 69 ಲಕ್ಷ ಅಕ್ಷರಗಳಷ್ಟಿದ್ದು, ಅದು 2009ರಲ್ಲಿ ಪ್ರಕಟವಾಯಿತು.

ಅಗಾಶೆಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ಮಾರ್ಕ್ಸ್ ಅವರ ಪ್ರಯೋಗಶಾಲೆಯಲ್ಲಿದ್ದಾಗ ಈ ಕಾರ್ಯವು ಆರಂಭವಾಯಿತು. ಫೇ ಜೀನಿನ ಅರ್ಥವನ್ನು ಎಳ್ಳಷ್ಟೂ ಕೆಡಿಸದೆ, ಅದರ ಗಣಗಳಿಗೆ ಬದಲಾಗಿ ಸಮಾನಾರ್ಥಕ ಗಣಗಳನ್ನಿಟ್ಟು, ಹಲವು ಪಾಠಗಳನ್ನು ಕೃತಕವಾಗಿ ರಚಿಸಲಾಯಿತು. ಒಂದು ಪಾಠದಲ್ಲಿ ಎಲ್ಲವೂ ಅಪರೂಪದ ಗಣಗಳು. ಇನ್ನೊಂದರಲ್ಲಿ ಎಲ್ಲವೂ ಆ ಜೀವಿಯು ಹೆಚ್ಚಾಗಿ ಬಳಸುವ ಮೆಚ್ಚಿನ ಗಣಗಳು. ಉಳಿದವು ಬೇರೆ ಬೇರೆ ವಿನ್ಯಾಸದವು. ಎಲ್ಲ ಪಾಠಗಳಿಂದಲೂ ಹುಟ್ಟಬೇಕಾದ ಪ್ರೋಟೀನು ಒಂದೇ. ಪ್ರತಿಯೊಂದು ಪಾಠವನ್ನೂ ಬ್ಯಾಕ್ಟೀರಿಯದಲ್ಲಿ ಮೂಲಪಾಠದ ಸ್ಥಾನದಲ್ಲಿರಿಸಿ, ಅದರ ಬಾಳುವ ಸಾಮರ್ಥ್ಯವನ್ನು ಮೂಲದೊಡನೆ ಹೋಲಿಸಲಾಯಿತು.

2013ರಲ್ಲಿ ಪ್ರಕಟವಾದ ಫಲಿತಾಂಶವು ವಿದ್ವಾಂಸರನ್ನು ಬೆರಗುಗೊಳಿಸಿತು. ಹೊಸ ಪಾಠಗಳು ಮೂಲಕ್ಕಿಂತ ಕಡಿಮೆ ಕಿಣ್ವವನ್ನು ಉತ್ಪಾದಿಸಿದವು, ಮತ್ತು ಅವುಗಳನ್ನು ಧರಿಸಿದ ಬ್ಯಾಕ್ಟೀರಿಯಗಳು ಸೊರಗಿದವು. ಅಪರೂಪದ ಗಣಗಳಿಂದ ಬರೆದ ಪಾಠದಲ್ಲಿ ಸಾಮರ್ಥ್ಯವು ಶೇಕಡಾ 40ರಷ್ಟು ಕುಗ್ಗಿತು. ಮೆಚ್ಚಿನ ಗಣಗಳಿಂದಲೇ ತುಂಬಿದ್ದ ಪಾಠದಲ್ಲಾದರೋ ಅದು ಶೇಕಡಾ 90ಕ್ಕಿಂತಲೂ ಹೆಚ್ಚಾಗಿ ಕುಗ್ಗಿತು. ಶ್ರೇಷ್ಠವೆನಿಸಬೇಕಾಗಿದ್ದ ಪಾಠವೇ ತೀರ ಕನಿಷ್ಠವಾಯಿತು. ಸುಂದರವಾದ ಪದಗಳನ್ನೇ ಆಯ್ದು ಜೋಡಿಸಿದರೆ ಸುಂದರವಾದ ಪದ್ಯವಾಗುವುದೆಂದು ನಂಬಿದ ನವಕವಿಯ ಗತಿಯೇ ಇಲ್ಲಿಯೂ ಒದಗಿತು.

ಇದಕ್ಕೆ ಕಾರಣವೇನು? ಬ್ಯಾಕ್ಟೀರಿಯದ ಆರ್.ಎನ್.ಎ. ಪ್ರತಿಯಲ್ಲಿ ಪಾಠಕನಾದ ರೈಬೋಸೋಮಿಗೆ ಇಲ್ಲಿಂದ ಆರಂಭಿಸು ಎಂದು ತೋರಿಸುವ ಒಂದು ಗುರುತು ಜೀನಿನ ಮೊದಲಲ್ಲಿರುತ್ತದೆ. ಆ ಗುರುತನ್ನು ಹೋಲುವ ಅಕ್ಷರಸಮೂಹವು ನಡುವಿನಲ್ಲಿ ಬಂದರೆ ಪಾಠಕನು ಅಲ್ಲಲ್ಲಿ ತಡೆದು ನಿಲ್ಲುತ್ತಾನೆ. ಯತಿಯಿಲ್ಲದ ಎಡೆಯಲ್ಲಿ ನಿಂತು ನಿಂತು ಓದುವ ವಾಚಕನಿಂದ ಕಾವ್ಯವು ಹೇಗೆ ಕುಂಟುತ್ತದೆಯೋ, ಪ್ರೋಟೀನಿನ ನಿರ್ಮಾಣವೂ ಹಾಗೆಯೇ ಕುಂಟುತ್ತದೆ. ಇಂಥ ಸಮೂಹಗಳು ಹೆಚ್ಚಾಗಿದ್ದ ಪಾಠಗಳಲ್ಲಿ ಪ್ರೋಟೀನು ಕಡಿಮೆಯಾಗಿತ್ತು. ಆದುದರಿಂದ ಇದೇ ಪ್ರಧಾನಕಾರಣವಿರಬಹುದೆಂದು ಆಗ ಸೂಚಿಸಲಾಯಿತು.

ತಾನೇ ತಿದ್ದಿಕೊಂಡ ಪ್ರತಿ

ಕೆಟ್ಟ ಪಾಠವನ್ನು ಪಂಡಿತನು ತಿದ್ದುತ್ತಾನೆ. ಬ್ಯಾಕ್ಟೀರಿಯಕ್ಕೆ ಪಂಡಿತನಿಲ್ಲ. ಆದರೆ ಅದು ಅತ್ಯಲ್ಪಕಾಲದಲ್ಲಿ ಅಸಂಖ್ಯ ಪ್ರತಿಗಳಾಗಿ ವೃದ್ಧಿಸುತ್ತದೆ. ಪ್ರತಿ ಮಾಡುವಾಗ ಎಲ್ಲಿಯೋ ಒಂದು ಅಕ್ಷರವು ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸಗಳಲ್ಲಿ ಬಹುಪಾಲು ನಿಷ್ಪ್ರಯೋಜಕವೋ ಹಾನಿಕರವೋ ಆಗಿರುತ್ತವೆ. ಎಲ್ಲಿಯೋ ಒಂದು ಉಪಕಾರಕವಾಗಿದ್ದರೆ ಅದನ್ನು ಧರಿಸಿದ ಸಂತತಿಯು ಉಳಿದವುಗಳನ್ನು ಮೀರಿ ಬೆಳೆದು ಪಾತ್ರೆಯನ್ನೆಲ್ಲ ವ್ಯಾಪಿಸುತ್ತದೆ. ಪ್ರಯೋಗಶಾಲೆಯಲ್ಲಿ ಇದನ್ನು ಪ್ರತ್ಯಕ್ಷವಾಗಿ ನೋಡಬಹುದು. ಬ್ಯಾಕ್ಟೀರಿಯವನ್ನು ದ್ರವದಲ್ಲಿ ಬೆಳೆಸಿ, ಬೆಳೆದುದರಲ್ಲಿ ಸ್ವಲ್ಪಭಾಗವನ್ನು ಹೊಸ ದ್ರವಕ್ಕೆ ವರ್ಗಾಯಿಸುತ್ತ, ಅನೇಕ ಪೀಳಿಗೆಗಳವರೆಗೆ ಕ್ರಮ ತಪ್ಪದೆ ನಡೆಸಿಕೊಂಡು ಬರುವುದು ಇದರ ವಿಧಾನ.

ಮೇಲೆ ಹೇಳಿದ ಸೊರಗಿದ ಬ್ಯಾಕ್ಟೀರಿಯಗಳನ್ನು ಹೀಗೆ ಬೆಳೆಸಿದಾಗ ಅವು ಶೀಘ್ರವಾಗಿ ಚೇತರಿಸಿಕೊಂಡವು. ಬೆಂಗಳೂರಿನ ಅಗಾಶೆಯವರ ತಂಡವೂ ಮಾರ್ಕ್ಸ್ ಅವರ ತಂಡವೂ ಸೇರಿ 2016ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಮೂರು ಸಂಗತಿಗಳು ಸ್ಮರಣೀಯವಾಗಿವೆ.

ಒಂದನೆಯದಾಗಿ, ಚೇತರಿಕೆಗೆ ಪಾಠವೆಲ್ಲ ಮೂಲಕ್ಕೆ ಹಿಂದಿರುಗಬೇಕಾಗಲಿಲ್ಲ. ಜೀನಿನ ಆರಂಭಭಾಗದಲ್ಲಿ ಒಂದೊಂದು ಅಕ್ಷರದ ತಿದ್ದುಪಡಿಯೇ ಮಹತ್ತರವಾದ ಉಪಕಾರವನ್ನು ಮಾಡಿತು. ಇಂಥ ತಿದ್ದುಪಡಿಗಳಲ್ಲಿ ನಾಲ್ಕು ಸಮಾನಾರ್ಥಕಗಳೇ ಆಗಿದ್ದವು. ಎಂದರೆ ಪ್ರೋಟೀನಿನಲ್ಲಿ ಕಿಂಚಿತ್ತೂ ಭೇದವಿಲ್ಲದೆ ಜೀವಿಯು ಮಾತ್ರ ಉಜ್ಜೀವಿಸಿತು. ಮೌನವೆಂದು ಕರೆಯಲ್ಪಟ್ಟ ಮಾರ್ಪಾಟು ಮೌನವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಾಗಿಲ್ಲ.

ಎರಡನೆಯದಾಗಿ, ಒಂದೇ ಪಾಠವನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಬೆಳೆಸಿದಾಗ ಅವು ಪರಸ್ಪರ ಸಂಬಂಧವಿಲ್ಲದೆಯೇ ಸಮಾನವಾದ ತಿದ್ದುಪಡಿಗಳನ್ನು ಪಡೆದವು. ಆದರೆ ಒಂದು ಪಾಠವನ್ನು ಉಳಿಸಿದ ತಿದ್ದುಪಡಿಯು ಇನ್ನೊಂದು ಪಾಠಕ್ಕೆ ಒದಗಿದ ತಿದ್ದುಪಡಿಯಲ್ಲ. ಪ್ರತಿಯೊಂದಕ್ಕೂ ಅದರದರ ಚಿಕಿತ್ಸೆ.

ಮೂರನೆಯದು ಶಿಕ್ಷಕರಾದ ನಾವು ವಿಶೇಷವಾಗಿ ಮನಗಾಣಬೇಕಾದುದು. 2013ರಲ್ಲಿ ಸೂಚಿಸಲಾಗಿದ್ದ ತಡೆನಿಲುವಿನ ಕಾರಣವಾಗಲಿ, ಆರ್.ಎನ್.ಎ. ಪ್ರತಿಯು ಮಡಿಸಿಕೊಳ್ಳುವ ರೀತಿಯಾಗಲಿ, ಯಾವ ತಿದ್ದುಪಡಿಯಿಂದ ಎಷ್ಟು ಉಪಕಾರವಾಗುವುದೆಂಬುದನ್ನು ಮುಂದಾಗಿ ಹೇಳಲು ಸಮರ್ಥವಾಗಲಿಲ್ಲ. ಇದನ್ನು ಅದೇ ಸಂಶೋಧಕರು ತಮ್ಮ ಎರಡನೆಯ ಲೇಖನದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಉಪಕಾರದ ಕಾರಣವು ಆಯಾ ಸ್ಥಳದ ಅಕ್ಷರಸಂದರ್ಭವನ್ನು ಅವಲಂಬಿಸಿ ಬೇರೆಯಾಗುತ್ತದೆಂಬುದು ಅವರ ನಿರ್ಣಯ. ತಾವೇ ಮಂಡಿಸಿದ ವ್ಯಾಖ್ಯಾನವನ್ನು ಹೊಸ ಸಾಕ್ಷ್ಯದ ಎದುರಿನಲ್ಲಿ ಮರಳಿ ಪರೀಕ್ಷೆಗೊಡ್ಡುವ ಈ ನಿಷ್ಠೆಯು ವ್ಯಾಖ್ಯಾನಕಾರರೆಲ್ಲರಿಗೂ ಆದರ್ಶಪ್ರಾಯವಾದುದು.

ಎಲೆಯ ಮೇಲಣ ನಿವಾಸಿ

ಇದುವರೆಗೆ ವಿಚಾರಿಸಿದ್ದು ಜೀನಿನಲ್ಲಿ ಪದದ ಸ್ಥಾನವನ್ನು. ಇನ್ನು ಲೋಕದಲ್ಲಿ ಆ ಜೀವಿಯ ಸ್ಥಾನವನ್ನು ವಿಚಾರಿಸೋಣ. ಪಾತ್ರೆಯಲ್ಲಿ ಬೆಳೆದ ಬ್ಯಾಕ್ಟೀರಿಯವನ್ನು ಅರಿತರೆ ಸಾಲದು. ಅದು ಸ್ವಭಾವತಃ ಎಲ್ಲಿ, ಯಾರೊಡನೆ ಬಾಳುತ್ತದೆಂಬುದನ್ನೂ ಅರಿಯಬೇಕು. ಪರಿಸರವಿಜ್ಞಾನವೆಂದರೆ ಇದೇ.

ಈಶಾನ್ಯ ಭಾರತದ ಗುಡ್ಡಗಾಡುಗಳಲ್ಲಿ ತಲೆಮಾರುಗಳಿಂದ ರೈತರು ಕಾಪಾಡಿಕೊಂಡು ಬಂದಿರುವ ನಾಡತಳಿಯ ಭತ್ತಗಳಿವೆ. ಅಲ್ಲಿನ ಒಂದೊಂದು ಸಮುದಾಯವೂ ತನಗೆ ಒಪ್ಪಿದ ಗುಣಗಳನ್ನು ನೋಡಿ ಬೀಜವನ್ನು ಆರಿಸುತ್ತ ಬಂದಿದೆ. ಅಗಾಶೆಯವರೂ ಅವರ ಸಹೋದ್ಯೋಗಿಗಳೂ ಇಂಥ 36 ತಳಿಗಳಿಂದ ಮೀಥೈಲೋಬ್ಯಾಕ್ಟೀರಿಯಮ್ ಜಾತಿಯ ಬ್ಯಾಕ್ಟೀರಿಯಗಳನ್ನು ಸಂಗ್ರಹಿಸಿ, 91 ಬಗೆಗಳನ್ನು ಬೇರ್ಪಡಿಸಿ, ಯಾವುದು ಯಾವ ಯಾವ ಆಹಾರದ ಮೇಲೆ ಬೆಳೆಯಬಲ್ಲದೆಂದು ಪರೀಕ್ಷಿಸಿದರು. ಇದು 2020ರಲ್ಲಿ ಪ್ರಕಟವಾಯಿತು.

ಬ್ಯಾಕ್ಟೀರಿಯಗಳ ಆಹಾರಸಾಮರ್ಥ್ಯದಲ್ಲಿ ಬಹಳ ವೈವಿಧ್ಯವು ಕಂಡುಬಂದಿತು. ಆ ವೈವಿಧ್ಯಕ್ಕೆ ಕಾರಣವು ಊರಿನ ದೂರವೋ, ಬ್ಯಾಕ್ಟೀರಿಯದ ಕುಲವೋ ಎಂದು ನೋಡಿದರೆ, ಅವೆರಡಕ್ಕಿಂತಲೂ ಹೆಚ್ಚಾಗಿ ಅದು ವಾಸಿಸುತ್ತಿದ್ದ ಭತ್ತದ ತಳಿಯೇ ಕಾರಣವೆಂದು ತಿಳಿದುಬಂದಿತು. ಅಂದರೆ ಬ್ಯಾಕ್ಟೀರಿಯದ ನಡೆಯನ್ನು ನಿರ್ಧರಿಸಿದ್ದು ಅದರ ಹುಟ್ಟಿಗಿಂತ ಹೆಚ್ಚಾಗಿ ಅದರ ಸಹವಾಸ. ಕುಲಕ್ಕಿಂತ ಆಚರಣೆಯನ್ನು ಹಿರಿದೆಂದು ಎಣಿಸಿದ ಪರಂಪರೆಯ ಮಕ್ಕಳಿಗೆ ಈ ಮಾತು ಕಿವಿಗೆ ಹಿತವೆನಿಸಬಹುದು. ಆದರೆ ಅದು ಭತ್ತದ ಎಲೆಯ ವಿಷಯದಲ್ಲಿ ಕಂಡ ಸಂಗತಿಯೆಂಬ ಎಲ್ಲೆಯನ್ನು ಮೀರಬಾರದು. ಎಲೆಯ ಮೇಲೆ ಒಸರುವ ಸಕ್ಕರೆಗಳಿಗೂ ಬ್ಯಾಕ್ಟೀರಿಯದ ಆಹಾರಶಕ್ತಿಗೂ ನೇರವಾದ ಸಂಬಂಧವು ಕಾಣಲಿಲ್ಲ. ಕೆಲವು ತಳಿಗಳಾದರೂ ತಮ್ಮವೇ ಆದ ಬ್ಯಾಕ್ಟೀರಿಯಗಳ ಸಹವಾಸದಿಂದ ಎಳವೆಯಲ್ಲಿ ಹೆಚ್ಚಿನ ಬೆಳವಣಿಗೆಯನ್ನು ಪಡೆದವೆಂಬುದು ಪ್ರಯೋಗದಿಂದ ದೃಢಪಟ್ಟಿತು.

ಇದರಿಂದ ಒಂದು ಗಂಭೀರವಾದ ಆಲೋಚನೆ ಹುಟ್ಟುತ್ತದೆ. ನಮ್ಮ ನಾಡಿನಲ್ಲಿಯೂ ರಾಜಮುಡಿ, ರತ್ನಚೂಡಿ ಮೊದಲಾದ ಹಳೆಯ ಭತ್ತದ ತಳಿಗಳಿವೆ. ಅವುಗಳ ಎಲೆಗಳ ಮೇಲೆ ಯಾವ ಜೀವಿಗಳು ವಾಸಿಸುತ್ತವೆ, ಅವುಗಳಿಗೂ ತಳಿಗೂ ಯಾವ ನಂಟಿದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ತಳಿಯು ಅಳಿದ ಮೇಲೆ ಆ ಪ್ರಶ್ನೆಯನ್ನು ಕೇಳುವುದಕ್ಕೂ ಎಡೆಯಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿ ಕಟ್ಟುಗಳನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸದಿದ್ದರೆ, ಎಷ್ಟು ವಚನಗಳು ಅಟ್ಟದ ಮೇಲೆಯೇ ಹುಳು ತಿಂದು ಹೋಗುತ್ತಿದ್ದುವೋ! ಬೀಜದ ಕಣಜವೂ ಒಂದು ಗ್ರಂಥಭಂಡಾರವೇ. ಅಲ್ಲಿ ತಳಿಯೊಂದು ಗ್ರಂಥವಾದರೆ ಅದರೊಡನೆ ಬಾಳುವ ಸೂಕ್ಷ್ಮಜೀವಿಗಳು ಆ ಗ್ರಂಥಕ್ಕೆ ಅಂಚಿನಲ್ಲಿ ಬರೆದ ಟಿಪ್ಪಣಿಗಳು.

ಎಕ್ಕದ ಎಲೆ, ಹರಳಿನ ಎಲೆ

ಸಹವಾಸವು ಎಲ್ಲೆಡೆಯೂ ಅತ್ಯಾವಶ್ಯಕವೇ? ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ನೋಡಿದರೆ ಹೌದೆಂದೇ ತೋರುತ್ತದೆ. ಹಸುವು ಮೇದ ಹುಲ್ಲನ್ನು ಅರಗಿಸುವುದು ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳ ಸಹಾಯದಿಂದ. ನಮ್ಮ ಹೊಲಗಳಲ್ಲಿ ಹುತ್ತವನ್ನು ಕಟ್ಟುವ ಗೆದ್ದಲು ಒಳಗೆ ಶಿಲೀಂಧ್ರದ ತೋಟವನ್ನೇ ಮಾಡಿ ಅದರಿಂದ ಜೀವಿಸುತ್ತದೆ. ಗಿಡದ ರಸವನ್ನು ಹೀರುವ ಸಸ್ಯಹೇನಿನ ದೇಹದಲ್ಲಿ ಬುಕ್ನೇರ ಎಂಬ ಬ್ಯಾಕ್ಟೀರಿಯವಿದೆ. ರಸದಲ್ಲಿ ದೊರೆಯದ ಅಮೈನೋ ಆಮ್ಲಗಳನ್ನು ಅದು ಹೇನಿಗೆ ಒದಗಿಸುತ್ತದೆ. ಈ ಬುಕ್ನೇರದ ಜೀವಲಿಪಿಯನ್ನು 2000ದಲ್ಲಿ ಓದಿ ಮುಗಿಸಿದಾಗ ಅದರಲ್ಲಿ ಸುಮಾರು 6.4 ಲಕ್ಷ ಅಕ್ಷರಗಳು ಮಾತ್ರ ಇದ್ದವು. ಎಲೆಯ ಮೇಲೆ ಸ್ವತಂತ್ರವಾಗಿ ಬಾಳುವ ಮೀಥೈಲೋಬ್ಯಾಕ್ಟೀರಿಯಮ್ಮಿನ 69 ಲಕ್ಷದ ಎದುರಿಗೆ ಇದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಪರಾಶ್ರಯದಲ್ಲಿ ನೆಲೆನಿಂತವನು ತನ್ನ ಗ್ರಂಥಗಳನ್ನು ಒಂದೊಂದಾಗಿ ಕಳೆದುಕೊಂಡಂತೆ ಆ ಬ್ಯಾಕ್ಟೀರಿಯವು ಅನೇಕ ಜೀನುಗಳನ್ನು ಕಳೆದುಕೊಂಡಿದೆ. ಹೇನನ್ನು ಬಿಟ್ಟು ಅದು ಬದುಕಲಾರದು, ಅದನ್ನು ಬಿಟ್ಟು ಹೇನು ಬಾಳಲಾರದು.

ಹಾಗಾದರೆ ಚಿಟ್ಟೆ? ಇದೂ ಕೀಟವೇ. ಮರಿಹುಳುವಾಗಿರುವಾಗ ಎಲೆಯನ್ನು ತಿಂದು, ರೆಕ್ಕೆ ಬಂದ ಮೇಲೆ ಮಕರಂದವನ್ನು ಹೀರುವುದರಿಂದ ಅದರ ಆಹಾರವು ಸಂಪೂರ್ಣವಾಗಿ ಬದಲಾಗುತ್ತದೆ. ಅದರೊಡನೆ ಬ್ಯಾಕ್ಟೀರಿಯಗಳೂ ಬದಲಾಗಬೇಕೆಂದು ನಿರೀಕ್ಷಿಸುವುದು ಸಹಜ. ಕೃತ್ತಿಕಾ ಫಲ್ಣೀಕರ್, ಚಿಟ್ಟೆಗಳ ತಜ್ಞರಾದ ಕೃಷ್ಣಮೇಘ ಕುಂಟೆ ಮತ್ತು ದೀಪಾ ಅಗಾಶೆ ಅವರು 12 ಜಾತಿಯ ಚಿಟ್ಟೆಗಳನ್ನು ಬೇರೆ ಬೇರೆ ಅವಸ್ಥೆಗಳಲ್ಲಿ ಪರೀಕ್ಷಿಸಿ 2018ರಲ್ಲಿ ವರದಿಯನ್ನು ಪ್ರಕಟಿಸಿದರು. ಬ್ಯಾಕ್ಟೀರಿಯಗಳನ್ನು ಗುರುತಿಸಲು ಅವರು ಅನುಸರಿಸಿದ ವಿಧಾನವೂ ಪಾಠಪರಿಶೋಧನೆಯೇ. ಎಲ್ಲ ಬ್ಯಾಕ್ಟೀರಿಯಗಳಲ್ಲಿಯೂ ಇದ್ದೇ ಇರುವ, ಸ್ವಲ್ಪ ಸ್ವಲ್ಪ ಪಾಠಭೇದವುಳ್ಳ ಒಂದು ಜೀನನ್ನು ಓದಿದರೆ ಯಾವುದು ಯಾವ ಶಾಖೆಗೆ ಸೇರಿದ್ದೆಂದು ತಿಳಿಯುತ್ತದೆ. ರೈಬೋಸೋಮಿಗೆ ಸಂಬಂಧಿಸಿದ ಆ ಅಧ್ಯಾಯವನ್ನು ಹೋಲಿಸಿ ನೋಡಿಯೇ ಕಾರ್ಲ್ ವೋಸ್ ಅವರು 1977ರಲ್ಲಿ ಬ್ಯಾಕ್ಟೀರಿಯಗಳಿಂದ ಭಿನ್ನವಾದ ಆರ್ಕಿಯ ಎಂಬ ಜೀವಶಾಖೆಯನ್ನು ಗುರುತಿಸಿದ್ದರು.

ಚಿಟ್ಟೆಗಳ ಪರೀಕ್ಷೆಯಲ್ಲಿ ನಿರೀಕ್ಷೆಯು ಬಹುಮಟ್ಟಿಗೆ ಹುಸಿಯಾಯಿತು. ಕೆಲವೇ ಜಾತಿಗಳಲ್ಲಿ ಮಾತ್ರ ಅವಸ್ಥೆಯೊಡನೆ ಬ್ಯಾಕ್ಟೀರಿಯಗಳ ಬದಲಾವಣೆ ಎದ್ದು ಕಂಡಿತು. ಹೆಚ್ಚಿನ ಮರಿಹುಳುಗಳ ಹೊಟ್ಟೆಯಲ್ಲಿದ್ದುದು ಅವು ತಿಂದ ಎಲೆಯ ಮೇಲಿದ್ದ ಬ್ಯಾಕ್ಟೀರಿಯಗಳೇ. ಅವುಗಳನ್ನು ಚಿಟ್ಟೆಯು ಆರಿಸಿ ಕರೆದಂತೆ ಕಾಣಲಿಲ್ಲ. ಊಟದೊಡನೆ ತಾವಾಗಿ ಒಳಬಂದಂತೆ ತೋರಿತು.

ಇದನ್ನು ದೃಢಪಡಿಸಿಕೊಳ್ಳಲು ಅದೇ ಮೂವರು ಮುಂದಿನ ಪ್ರಯೋಗಕ್ಕೆ ಎರಡು ಜಾತಿಗಳನ್ನು ಆರಿಸಿಕೊಂಡರು. ಒಂದು ಪ್ಲೇನ್ ಟೈಗರ್ ಎಂಬ ಚಿಟ್ಟೆ. ಕಿತ್ತಳೆ ಬಣ್ಣದ ರೆಕ್ಕೆಗಳ ತುದಿಯಲ್ಲಿ ಕಪ್ಪುಬಿಳುಪಿನ ಅಂಚುಳ್ಳ ಈ ಚಿಟ್ಟೆಯ ಮರಿಹುಳುವಿಗೆ, ಶಿವಪೂಜೆಗೆ ಹೂವನ್ನು ಕೊಡುವ ಎಕ್ಕದ ಎಲೆಯು ಆಹಾರ. ಇನ್ನೊಂದು ಕಾಮನ್ ಕ್ಯಾಸ್ಟರ್ ಎಂಬ ಕಂದುಬಣ್ಣದ ಚಿಟ್ಟೆ. ಅದರ ಮರಿಹುಳುವಿಗೆ ಹರಳಿನ ಗಿಡದ ಎಲೆಯೇ ಆಹಾರ. ಎಲೆಯನ್ನು ರಾಸಾಯನಿಕಗಳಿಂದ ಶುದ್ಧಗೊಳಿಸಿ, ಇಲ್ಲವೇ ಬ್ಯಾಕ್ಟೀರಿಯನಾಶಕ ಔಷಧಿಯನ್ನು ಲೇಪಿಸಿ ಮರಿಹುಳುಗಳಿಗೆ ಉಣಿಸಲಾಯಿತು. ಹೊಟ್ಟೆಯ ಬ್ಯಾಕ್ಟೀರಿಯಗಳು ಬಹಳವಾಗಿ ಕಡಿಮೆಯಾದವು, ಅವುಗಳ ಸಮುದಾಯವು ಅಸ್ತವ್ಯಸ್ತವಾಯಿತು. ಆದರೆ ಮರಿಹುಳುಗಳಿಗೆ ಏನೂ ಕೊರತೆಯಾಗಲಿಲ್ಲ. ಔಷಧಿಯಿಲ್ಲದ ಎಲೆಯನ್ನು ತಿಂದವುಗಳಂತೆಯೇ ಇವೂ ಬದುಕಿದವು, ಬೆಳೆದವು. ಆರೋಗ್ಯವಾಗಿದ್ದ ಹುಳುಗಳ ಹಿಕ್ಕೆಯ ಮೂಲಕ ಬ್ಯಾಕ್ಟೀರಿಯಗಳನ್ನು ಮರಳಿ ಸೇರಿಸಿದಾಗಲೂ ವಿಶೇಷ ಲಾಭವು ಕಾಣಲಿಲ್ಲ. 2019ರಲ್ಲಿ ಪ್ರಕಟವಾದ ಈ ನಿರ್ಣಯದ ಸಾರವೇನೆಂದರೆ, ಈ ಮರಿಹುಳುಗಳು ಹೊಟ್ಟೆಯ ಬ್ಯಾಕ್ಟೀರಿಯಗಳನ್ನು ಅವಲಂಬಿಸಿದಂತೆ ಕಾಣುವುದಿಲ್ಲ.

ಇಲ್ಲವೆಂಬ ಉತ್ತರಕ್ಕಾಗಿ ಇಷ್ಟು ಶ್ರಮವೇ ಎಂದು ಕೆಲವರು ಕೇಳಬಹುದು. ಹಸುವಿನಲ್ಲಿ ಹೌದು, ಸಸ್ಯಹೇನಿನಲ್ಲಿ ಹೌದು, ಆದುದರಿಂದ ಎಲ್ಲ ಪ್ರಾಣಿಗಳಲ್ಲಿಯೂ ಹೌದು ಎಂದು ಸಾರುವುದು ಸುಲಭ. ಆ ಸುಲಭವಾದ ಹೌದನ್ನು ತಡೆದು, ಇಲ್ಲಿ ಇಲ್ಲ ಎಂದು ಸಾಕ್ಷ್ಯಸಮೇತ ಹೇಳುವುದಕ್ಕೆ ಹೆಚ್ಚಿನ ಧೈರ್ಯವೂ ಎಚ್ಚರವೂ ಬೇಕು. ಪಾಠಪರಿಶೋಧಕನು ಯಾವ ಪ್ರತಿಯಲ್ಲಿಯೂ ದೊರೆಯದ ಪದ್ಯವನ್ನು ಪ್ರಕ್ಷಿಪ್ತವೆಂದು ಕೈಬಿಡುವುದೂ ವಿದ್ವತ್ತಿನ ಕಾರ್ಯವೇ ಅಲ್ಲವೆ?

ನಮ್ಮ ವಿದ್ಯಾಲಯದ ಕರ್ತವ್ಯ

ಮೇಲಿನ ಸಂಶೋಧನೆಗಳು ಒಂದೇ ಸೂತ್ರದಲ್ಲಿ ಪೋಣಿಸಿದ ಮಣಿಗಳಂತಿವೆ. ಮೆಚ್ಚಿನ ಗಣವು ತಪ್ಪಾದ ಸಂದರ್ಭದಲ್ಲಿ ಮಾರಕವಾಯಿತು. ಒಂದಕ್ಷರದ ತಿದ್ದುಪಡಿಯು ಸರಿಯಾದ ಸ್ಥಾನದಲ್ಲಿ ಸಂಜೀವಿನಿಯಾಯಿತು. ಭತ್ತದ ಎಲೆಯ ಮೇಲೆ ತಳಿಗೆ ಆಪ್ತವಾದ ಬ್ಯಾಕ್ಟೀರಿಯವು ಉಪಕಾರಿಯಾಯಿತು. ಎಕ್ಕದ ಎಲೆಯೊಡನೆ ಮರಿಹುಳುವಿನ ಹೊಟ್ಟೆಯನ್ನು ಹೊಕ್ಕ ಬ್ಯಾಕ್ಟೀರಿಯವು ಉಪಕಾರಿಯೂ ಅಲ್ಲದೆ ಅಪಕಾರಿಯೂ ಅಲ್ಲದೆ ದಾರಿಹೋಕನಾಯಿತು. ಯಾವುದನ್ನೂ ಸ್ಥಾನದಿಂದ ಬೇರ್ಪಡಿಸಿ ಒಳ್ಳೆಯದು ಕೆಟ್ಟದ್ದೆಂದು ಹೇಳಲಾಗದು. ಯಾವ ಸ್ಥಾನದಲ್ಲಿ ಏನಾಗುವುದೆಂಬುದನ್ನು ಊಹೆಯಿಂದ ನಿರ್ಣಯಿಸಲೂ ಆಗದು, ಪರೀಕ್ಷಿಸಿಯೇ ತಿಳಿಯಬೇಕು. ಕ್ರಿಮಿಗಳೆಲ್ಲ ರೋಗಕಾರಕಗಳೆಂದು ಕಲಿಸುವ ಹಳೆಯ ಪಾಠವೂ, ಹೊಟ್ಟೆಯ ಕ್ರಿಮಿಗಳೆಲ್ಲ ಪರಮೋಪಕಾರಿಗಳೆಂದು ಸಾರುವ ಇಂದಿನ ಜಾಹೀರಾತೂ ಈ ಕಾರಣದಿಂದ ಸಮಾನವಾಗಿ ಅಪೂರ್ಣವಾದವು.

ಇದನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ತಿಳಿಸುವುದು ಸಾಧ್ಯವೇ ಎಂಬ ಶಂಕೆಗೆ ಕಾರಣವಿಲ್ಲ. ಸಸ್ಯವಿಜ್ಞಾನಿಗಳಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ಹಸುರು ಹೊನ್ನು ಎಂಬ ಗ್ರಂಥದಲ್ಲಿ ಕಾಡಿನ ಗಿಡಮರಗಳನ್ನು ಕನ್ನಡಿಗರ ಮನೆಯ ಮಾತಿಗೆ ತಂದರು. ಆ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ದೊರೆಯಿತು. ಶಾಸ್ತ್ರವನ್ನು ಬಲ್ಲವರೂ ಭಾಷೆಯನ್ನು ಬಲ್ಲವರೂ ಒಂದೇ ಪಂಕ್ತಿಯಲ್ಲಿ ಕುಳಿತರೆ ಜೀವಲಿಪಿಯ ವಿಷಯದಲ್ಲಿಯೂ ಅಂಥ ಕಾರ್ಯವು ನಡೆದೀತು. ವಿಜ್ಞಾನದ ಉಪಾಧ್ಯಾಯರು ಕೋಡಾನುಗಳನ್ನು ಬೋಧಿಸುವ ದಿನ ಕನ್ನಡದ ಉಪಾಧ್ಯಾಯರು ಅಷ್ಟಗಣಗಳನ್ನು ಬೋಧಿಸಲಿ. ಎಂಟಕ್ಕೂ ಅರುವತ್ತನಾಲ್ಕಕ್ಕೂ ಇರುವ ಗಣಿತದ ನಂಟನ್ನು ಮಕ್ಕಳು ತಾವೇ ಕಂಡುಕೊಳ್ಳಲಿ.

ಪ್ರಯೋಗಕ್ಕೆ ದೊಡ್ಡ ಯಂತ್ರಗಳೇ ಬೇಕೆಂದೂ ತಿಳಿಯಬೇಕಾಗಿಲ್ಲ. ಹಿಂದೆ ಹಳ್ಳಿಯಾಗಿದ್ದು ಇಂದು ವಿಜಯನಗರದ ಬಡಾವಣೆಗಳ ನಡುವೆ ಹೆಸರನ್ನು ಉಳಿಸಿಕೊಂಡಿರುವ ನಮ್ಮ ಮಾರೇನಹಳ್ಳಿಯಲ್ಲಿ, ಕಟ್ಟಡವೇಳದ ನಿವೇಶನಗಳಲ್ಲಿ ಎಕ್ಕವೂ ಹರಳೂ ತಾವಾಗಿಯೇ ಬೆಳೆಯುತ್ತವೆ. ಆದರೆ ಅಂಥ ನಿವೇಶನಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ವಿದ್ಯಾಲಯದ ಅಂಗಳದ ಒಂದು ಮೂಲೆಯಲ್ಲಿ ಈ ಎರಡು ಗಿಡಗಳಿಗೆ ಎಡೆಮಾಡಿ, ಯಾವ ಮಾಸದಲ್ಲಿ ಯಾವ ಚಿಟ್ಟೆ ಬಂದು ಮೊಟ್ಟೆಯಿಟ್ಟಿತು, ಎಷ್ಟು ದಿನಗಳಲ್ಲಿ ಮರಿಹುಳು ಕೋಶವಾಯಿತು, ಎಷ್ಟು ಉಳಿದವು ಎಂಬುದನ್ನು ವಿದ್ಯಾರ್ಥಿಗಳೇ ದಿನಾಂಕಸಹಿತ ಕನ್ನಡದಲ್ಲಿ ಬರೆದಿಡುವ ಏರ್ಪಾಡಾದರೆ, ಕೆಲವು ವರ್ಷಗಳಲ್ಲಿ ಅದೊಂದು ಬೆಲೆಯುಳ್ಳ ದಾಖಲೆಯಾಗುತ್ತದೆ. ಒಂದು ನಿಯಮವನ್ನು ಮಾತ್ರ ತಪ್ಪದೆ ಪಾಲಿಸಬೇಕು. ಚಿಟ್ಟೆ ಬಾರದ ದಿನವೂ ಪುಸ್ತಕದಲ್ಲಿ ಬರಬೇಕು. ಕಂಡುದನ್ನು ಬರೆಯುವಷ್ಟೇ ಶ್ರದ್ಧೆಯಿಂದ ಕಾಣದಿದ್ದುದನ್ನೂ ಬರೆಯುವ ಅಭ್ಯಾಸವು ಬಾಲ್ಯದಲ್ಲಿ ಬಂದರೆ ಆ ವಿದ್ಯಾರ್ಥಿಯು ಮುಂದೆ ಯಾವ ವೃತ್ತಿಯಲ್ಲಿದ್ದರೂ ಸತ್ಯವಂತನಾಗಿ ಬಾಳುತ್ತಾನೆ.

ಶ್ರೀಮಠದ ಕೃಪೆಯಿಂದಲೂ ದಾನಿಗಳ ಔದಾರ್ಯದಿಂದಲೂ ಅನ್ನದಾಸೋಹ, ಜ್ಞಾನದಾಸೋಹಗಳೆರಡೂ ನಡೆದುಬರುತ್ತಿರುವ ಈ ಸಂಸ್ಥೆಯಲ್ಲಿ ಇಂಥ ಕಿರುಕಾರ್ಯಕ್ಕೆ ತಗಲುವ ವೆಚ್ಚವು ಅತ್ಯಲ್ಪ. ಹಳೆಯ ವಿದ್ಯಾರ್ಥಿಗಳಲ್ಲಿ ಜೀವವಿಜ್ಞಾನವನ್ನು ಅಭ್ಯಾಸಮಾಡಿದವರು ವರ್ಷಕ್ಕೊಂದು ದಿನ ಬಂದು ಮಕ್ಕಳ ದಾಖಲೆಯನ್ನು ಪರಿಶೀಲಿಸಿ ಮಾರ್ಗದರ್ಶನ ಮಾಡುವುದಾದರೆ ಅದಕ್ಕಿಂತ ದೊಡ್ಡ ದಾನವಿಲ್ಲ. ಅಂಗಳದ ಮೂಲೆಯ ಎರಡು ಗಿಡಗಳೂ ಒಂದು ದಾಖಲೆಪುಸ್ತಕವೂ ಮುಂದಿನ ಶೈಕ್ಷಣಿಕ ವರ್ಷದ ಆರಂಭಕ್ಕೆ ಸಿದ್ಧವಾಗಲೆಂದು ಸಹೋಪಾಧ್ಯಾಯರಲ್ಲಿ ವಿನಂತಿ.